ಹೇಳಿದ್ದು ಯಾರು? ಟರ್ಮಿನಲ್‌ನಲ್ಲಿ ಕಂಪ್ಯೂಟರಿನ ಒಳಗನ್ನು ನೋಡುವ ಬಗೆ

ಇವತ್ತಿನ ತರಗತಿಯಲ್ಲಿ ನಾವು ಒಂದು ಸ್ಕ್ರೂ ಕೂಡ ಬಿಚ್ಚುವುದಿಲ್ಲ. ಒಳಗೆ ಯಾವ ಪ್ರೊಸೆಸರ್ ಇದೆ, ರ‍್ಯಾಮ್ ಎಷ್ಟಿದೆ, ಎರಡನೇ ಸ್ಲಾಟ್ ಖಾಲಿ ಇದೆಯಾ, ಡಿಸ್ಕ್ ಎಷ್ಟು ಗಂಟೆ ಓಡಿದೆ, ಬ್ಯಾಟರಿಯಲ್ಲಿ ಎಷ್ಟು ದಮ್ಮು ಉಳಿದಿದೆ, ಇಷ್ಟನ್ನೂ ಟರ್ಮಿನಲ್‌ನಲ್ಲಿ, ಅಂದರೆ ಕಮ್ಯಾಂಡ್ ಟೈಪ್ ಮಾಡುವ ಕಿಟಕಿಯಲ್ಲಿ, ಕೀಬೋರ್ಡ್ ಮುಂದೆ ಕೂತೇ ತಿಳಿದುಕೊಳ್ಳೋಣ.

ಯಾರಿಗೆ ಬೇಕು ಇದು? ಕೈ ಎತ್ತಿ ಅಂದಾಗ ನಿಮ್ಮಲ್ಲಿ ಸುಮಾರು ಜನ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಳ್ಳುವ ಯೋಚನೆಯಲ್ಲಿದ್ದೀರಿ ಎಂದು ಗೊತ್ತಾಯಿತು. ಉಳಿದವರು ಮನೆಯ ಹಳೆಯ ಕಂಪ್ಯೂಟರಿಗೆ ರ‍್ಯಾಮ್ ಹಾಕಿಸಬೇಕು ಅಂತಿದ್ದೀರಿ. ಇಬ್ಬರಿಗೂ ಬೇಕಾದ ಮಾಹಿತಿ ಒಂದೇ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ "ಐ5, ಎಂಟು ಜಿಬಿ, ಎಸ್‌ಎಸ್‌ಡಿ" ಅಂತ ಕೇಳಿದರೆ ಸಾಲಾಗಿ ಲ್ಯಾಪ್‌ಟಾಪ್ ತಂದಿಡುತ್ತಾರೆ. ಆ ಮೂರು ಮಾತೂ ನಿಜವೇ ಇರಬಹುದು. ಆದರೂ ಒಂದಕ್ಕೂ ಇನ್ನೊಂದಕ್ಕೂ ಅಜಗಜಾಂತರ ಇರುತ್ತದೆ.

ಒಂದು ಪ್ರಶ್ನೆಯನ್ನು ಮೊದಲೇ ನಿಮ್ಮ ಕೈಗೆ ಕೊಟ್ಟುಬಿಡುತ್ತೇನೆ. ಇವತ್ತಿನ ಪ್ರತಿ ಕಮ್ಯಾಂಡಿಗೂ ಅದನ್ನು ಕೇಳುತ್ತಾ ಹೋಗಿ. ಪರದೆಯ ಮೇಲೆ ಬಂದ ಈ ಸಾಲನ್ನು ಹೇಳಿದ್ದು ಯಾರು? ಕರ್ನಲ್, ಅಂದರೆ ಹಾರ್ಡ್‌ವೇರ್ ಜೊತೆ ನೇರವಾಗಿ ವ್ಯವಹರಿಸುವ, ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು, ತಾನೇ ಎಣಿಸಿ ಹೇಳಿತಾ? ಆ ಭಾಗವೇ ತನ್ನ ಬಗ್ಗೆ ಹೇಳಿಕೊಂಡಿತಾ? ಇಲ್ಲ, ಕಂಪನಿಯವರು ಬಯಾಸ್‌ನಲ್ಲಿ, ಅಂದರೆ ಕಂಪ್ಯೂಟರ್ ಆನ್ ಆದ ತಕ್ಷಣ ಓಡುವ ಬೋರ್ಡಿನ ಸಾಫ್ಟ್‌ವೇರಿನಲ್ಲಿ, ಬರೆದಿಟ್ಟಿದ್ದನ್ನು ಸುಮ್ನೆ ಓದಿ ಹೇಳಿತಾ? ಮೂರೂ ಒಂದೇ ಬಣ್ಣದಲ್ಲಿ, ಒಂದೇ ಅಕ್ಷರದಲ್ಲಿ ಬರುತ್ತವೆ. ನಂಬುವ ಮಟ್ಟ ಮಾತ್ರ ಬೇರೆ ಬೇರೆ.

ಟೈಪ್ ಮಾಡುವುದರ ಬಗ್ಗೆ ಒಂದು ಮಾತು. ಕಮ್ಯಾಂಡ್‌ಗಳನ್ನು ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ ಹಾಕಬೇಕು. ಬರಹದಲ್ಲಿ ನಾನು ಬಾಯಲ್ಲಿ ಹೇಳಿದ ಹಾಗೆ ಕನ್ನಡದಲ್ಲಿ ಕೊಟ್ಟಿದ್ದೇನೆ. ಲಿನಕ್ಸಿನಲ್ಲಿ ಇವುಗಳಲ್ಲಿ ಹಲವು "ಎಲ್‌ಎಸ್" ಎಂದು ಶುರುವಾಗುತ್ತವೆ, ಪಟ್ಟಿ ಮಾಡು ಅಂತ. ಅದರ ಹಿಂದೆ ಸಿಪಿಯು, ಪಿಸಿಐ, ಯುಎಸ್‌ಬಿ ಸೇರಿಸಿ. ನಡುವೆ ಜಾಗ ಬಿಡಬೇಡಿ.

ಮನೆಯಲ್ಲಿ ಲಿನಕ್ಸ್ ಇಲ್ಲದವರು ಗಾಬರಿ ಆಗಬೇಡಿ. ಉಬುಂಟು ಎಂಬ ಲಿನಕ್ಸನ್ನು ಒಂದು ಪೆನ್‌ಡ್ರೈವಿಗೆ ಹಾಕಿಕೊಂಡು ಅದರಿಂದಲೇ ಬೂಟ್ ಮಾಡಿ, ಅಂದರೆ ಕಂಪ್ಯೂಟರನ್ನು ಶುರು ಮಾಡಿ. ಇನ್‌ಸ್ಟಾಲ್ ಮಾಡದೆ ಬಳಸಿ ನೋಡುವ ಆಯ್ಕೆ ಅದರಲ್ಲೇ ಇದೆ. ಡಿಸ್ಕಿನಲ್ಲಿರುವ ವಿಂಡೋಸನ್ನು ಅದು ಮುಟ್ಟುವುದಿಲ್ಲ. ಹಳೆಯ ಲ್ಯಾಪ್‌ಟಾಪ್ ನೋಡಲು ಹೋಗುವಾಗ ಜೇಬಿನಲ್ಲಿ ಇದೊಂದು ಪೆನ್‌ಡ್ರೈವ್ ಇರಲಿ. ಮಾರುವವರು ಬೇಡ ಅಂದರೆ ಅದೂ ಒಂದು ಮಾಹಿತಿಯೇ.

ಸರಿ, ಮೊದಲನೆಯದು: ಎಲ್‌ಎಸ್‌ಸಿಪಿಯು. ಹೊಡೆದರೆ ಪರದೆ ತುಂಬ ಸಾಲುಗಳು ಬರುತ್ತವೆ. ನಾಲ್ಕೈದು ಸಾಲು ನೋಡಿದರೆ ಸಾಕು. "ಮಾಡೆಲ್ ನೇಮ್" ಎಂಬ ಸಾಲಿನಲ್ಲಿ ಪೂರ್ತಿ ಹೆಸರು ಇರುತ್ತದೆ. ನನ್ನ ಎದುರಿಗಿರುವ ಯಂತ್ರದಲ್ಲಿ ಅದು ಇಂಟೆಲ್ ಕೋರ್ ಐ5-7200ಯು. ಮೇಲಿನ ಸ್ಟಿಕ್ಕರ್ ಹೇಳುವುದು "ಐ5" ಅಂತ ಮಾತ್ರ. ಅಲ್ಲೇ ಇದೆ ವಿಷಯ. ಐ5-7200ಯು ಏಳನೇ ತಲೆಮಾರಿನದು, 2016ರದು, ಒಳಗೆ ಎರಡೇ ಕೋರ್, ಅಂದರೆ ಲೆಕ್ಕ ಮಾಡುವ ಘಟಕ ಎರಡೇ. ಮಾರನೇ ವರ್ಷ ಬಂದ ಐ5-8250ಯು ಎಂಟನೇ ತಲೆಮಾರು, ನಾಲ್ಕು ಕೋರ್. ಹೆಚ್ಚು ಬೆಲೆಗೆ ಮಾರಾಟವಾದ ಐ7-7500ಯು ಒಳಗೂ ಎರಡೇ ಕೋರ್. ಅಂದರೆ ಸ್ಟಿಕ್ಕರಿನ ಐ7ಗಿಂತ ಮರುವರ್ಷದ ಐ5ನಲ್ಲಿ ಎರಡರಷ್ಟು ಕೋರ್ ಇವೆ. ಸ್ಟಿಕ್ಕರ್ ನೋಡಿ ದುಡ್ಡು ಕೊಡುವವರು ಇದನ್ನು ಯೋಚಿಸಬೇಕು.

ಈ ಏಳು, ಎಂಟರ ನಡುವಿನ ಗೆರೆಗೆ ಇನ್ನೊಂದು ತೂಕವೂ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಇಂಟೆಲ್‌ನಲ್ಲಿ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಮೇಲಕ್ಕೆ ಮಾತ್ರ ಅಧಿಕೃತವಾಗಿ ಒಪ್ಪುತ್ತದೆ. ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಹಾಗಾಗಿ ಏಳನೇ ತಲೆಮಾರಿನ ಒಳ್ಳೊಳ್ಳೆ ಲ್ಯಾಪ್‌ಟಾಪ್‌ಗಳು ಅಗ್ಗಕ್ಕೆ ಸಿಗುವುದು ಸಹಜ. ಲಿನಕ್ಸ್ ಹಾಕಿಕೊಳ್ಳುವವರಿಗೆ ನನ್ನ ಪ್ರಕಾರ ಅದು ಒಳ್ಳೆಯ ವ್ಯಾಪಾರ. ವಿಂಡೋಸ್ 11 ಬೇಕೇ ಬೇಕು ಅನ್ನುವವರಿಗೆ ಅಲ್ಲ.

ಅದೇ ಪಟ್ಟಿಯಲ್ಲಿ "ಸಿಪಿಯು(ಎಸ್): 4" ಅಂತ ಇದೆ ನೋಡಿ. ಇದನ್ನು ನೋಡಿ "ನಾಲ್ಕು ಕೋರ್ ಸಾರ್" ಅನ್ನುವವರು ಇದ್ದಾರೆ. ಕೆಳಗಿನ ಸಾಲುಗಳನ್ನೂ ಓದಿ. "ಥ್ರೆಡ್ಸ್ ಪರ್ ಕೋರ್" 2, "ಕೋರ್ಸ್ ಪರ್ ಸಾಕೆಟ್" 2, "ಸಾಕೆಟ್" 1. ಎರಡು ಎರಡಲಿ ನಾಲ್ಕು. ನಿಜವಾದ ಕೋರ್ ಎರಡು, ಒಂದೊಂದೂ ಎರಡೆರಡು ಕೆಲಸದ ಸಾಲು ನಡೆಸುತ್ತದೆ.

ಇಲ್ಲಿ ಹೇಳಿದ್ದು ಯಾರು? ಮಾಡೆಲ್ ಹೆಸರು ಪ್ರೊಸೆಸರ್ ಒಳಗೇ 48 ಬೈಟಿನಷ್ಟು ಜಾಗದಲ್ಲಿ ಇರುತ್ತದೆ. ಕೇಳಿದರೆ ಅದೇ ಹೇಳುತ್ತದೆ. ಎಷ್ಟು ಸಿಪಿಯು ಎಂಬುದನ್ನು ಮಾತ್ರ ಕರ್ನಲ್ ಬೂಟ್ ಆಗುವಾಗ ಒಂದೊಂದನ್ನೇ ಎಬ್ಬಿಸಿ ಎಣಿಸಿರುತ್ತದೆ. ಇವತ್ತು ನೋಡುವುದರಲ್ಲೆಲ್ಲ ಜಾಸ್ತಿ ನಂಬಬಹುದಾದ ಸಂಖ್ಯೆಗಳಲ್ಲಿ ಇದೂ ಒಂದು.

ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ಮಜಾ ಇದೆ. ಎಲ್‌ಎಸ್‌ಸಿಪಿಯು ತನ್ನ ಮಾಹಿತಿಯ ಒಂದು ಭಾಗವನ್ನು /ಪ್ರಾಕ್/ಸಿಪಿಯುಇನ್ಫೋ ಎಂಬ ಫೈಲಿನಿಂದ ತರುತ್ತದೆ. ಆ ಫೈಲಿನ ಗಾತ್ರ ಎಷ್ಟು ಅಂತ "ಎಲ್‌ಎಸ್ -ಎಲ್" ಹಾಕಿ ನೋಡಿ. ಸೊನ್ನೆ ಬೈಟ್ ಅನ್ನುತ್ತದೆ. ಈಗ "ಕ್ಯಾಟ್" ಹಾಕಿ ಅದನ್ನೇ ಓದಿ. ಪುಟಗಟ್ಟಲೆ ಬರುತ್ತದೆ! ಡಿಸ್ಕಿನಲ್ಲಿ ಎಲ್ಲೂ ಆ ಫೈಲ್ ಇಲ್ಲ. ನೀವು ತೆರೆದ ಆ ಕ್ಷಣಕ್ಕೆ ಕರ್ನಲ್ ಉತ್ತರ ಬರೆದು ಕೊಡುತ್ತದೆ. ಇನ್ನೊಂದು ಸಲ ತೆರೆದರೆ ಮೆಗಾಹರ್ಟ್ಸ್ ಸಾಲು ಬದಲಾಗಿರುತ್ತದೆ, ಯಾಕೆಂದರೆ ಪ್ರೊಸೆಸರಿನ ವೇಗ ಆಗಲೇ ಬದಲಾಗಿದೆ. /ಸಿಸ್ ಎಂಬ ಫೋಲ್ಡರ್ ಕೂಡ ಹೀಗೆಯೇ. ಅಲ್ಲಿ /ಸಿಸ್/ಕ್ಲಾಸ್/ಥರ್ಮಲ್/ಥರ್ಮಲ್_ಝೋನ್0/ಟೆಂಪ್ ಓದಿದರೆ 45000 ಅಂತ ಬರಬಹುದು. ಹೆದರಬೇಡಿ. ಡಿಗ್ರಿಯ ಸಾವಿರದ ಒಂದು ಪಾಲಿನ ಲೆಕ್ಕ ಅದು, 45 ಡಿಗ್ರಿ. ಲ್ಯಾಪ್‌ಟಾಪಿನ ಮಾಡೆಲ್ ಬೇಕೇ? /ಸಿಸ್/ಕ್ಲಾಸ್/ಡಿಎಂಐ/ಐಡಿ/ಪ್ರಾಡಕ್ಟ್_ನೇಮ್. ಪಾಸ್‌ವರ್ಡ್ ಕೂಡ ಕೇಳುವುದಿಲ್ಲ.

ಈಗ ರ‍್ಯಾಮ್. ಹೆಚ್ಚು ಜನಕ್ಕೆ ಬೇಕಾಗಿರುವುದು ಇದೇ, ಹಾಗಾಗಿ ನಿಧಾನಕ್ಕೆ ನೋಡೋಣ.

"ಫ್ರೀ -ಎಚ್" ಹಾಕಿದರೆ ಒಟ್ಟು ಎಷ್ಟು, ಎಷ್ಟು ಬಳಕೆಯಲ್ಲಿದೆ ಅಂತ ಬರುತ್ತದೆ. ಎಂಟು ಜಿಬಿ ಯಂತ್ರದಲ್ಲಿ 7.6 ಅಥವಾ 7.7 ಕಾಣುತ್ತದೆ. "ಅಂಗಡಿಯವನು ಕಾಲು ಜಿಬಿ ಹೊಡೆದ" ಅಂತ ಜಗಳಕ್ಕೆ ಹೋಗಬೇಡಿ. ಬಯಾಸ್, ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್, ಕರ್ನಲ್ ಇವು ತಮ್ಮ ಪಾಲು ತೆಗೆದುಕೊಂಡ ಮೇಲೆ ಉಳಿದದ್ದು ಇದು. ಎಎಂಡಿಯ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಗ್ರಾಫಿಕ್ಸ್‌ಗೆ ಅಂತಲೇ 2 ಜಿಬಿ ಎತ್ತಿಟ್ಟಿರುತ್ತಾರೆ. ಆಗ ಆರಕ್ಕಿಂತ ಕಡಿಮೆ ಕಾಣುತ್ತದೆ. ಬಯಾಸ್ ಸೆಟ್ಟಿಂಗ್‌ನಲ್ಲಿ ಅದನ್ನು ಬದಲಿಸಲು ಬಿಟ್ಟಿದ್ದರೆ ಬದಲಿಸಬಹುದು.

ಆದರೆ ಎಂಟು ಜಿಬಿ ಇದೆ ಎಂದರೆ ಎಂಟರ ಒಂದೇ ಪಟ್ಟಿಯಾ (ಸ್ಲಾಟಿಗೆ ಸಿಕ್ಕಿಸುವ ರ‍್ಯಾಮ್ ಬೋರ್ಡು), ನಾಲ್ಕರ ಎರಡು ಪಟ್ಟಿಯಾ? ಫ್ರೀಗೆ ಅದು ಗೊತ್ತಿಲ್ಲ. ಅದಕ್ಕೆ ಈ ಕಮ್ಯಾಂಡ್:

ಸುಡೊ ಡಿಎಂಐಡಿಕೋಡ್ -ಟಿ ಮೆಮೊರಿ

ಸುಡೊ ಅಂದರೆ ಯಂತ್ರದ ಪೂರ್ತಿ ಅಧಿಕಾರದಲ್ಲಿ ಓಡಿಸು ಅಂತ, ಅದಕ್ಕೇ ಪಾಸ್‌ವರ್ಡ್ ಕೇಳುತ್ತದೆ. ಟೈಪ್ ಮಾಡುವಾಗ ಪರದೆಯಲ್ಲಿ ಚುಕ್ಕಿ ಕೂಡ ಮೂಡದೆ ಇರಬಹುದು. ಕೀಬೋರ್ಡ್ ಕೆಟ್ಟಿಲ್ಲ, ಟೈಪ್ ಮಾಡಿ ಎಂಟರ್ ಒತ್ತಿ.

ಬಂದದ್ದನ್ನು ಮೇಲಿನಿಂದ ಓದೋಣ. ಮೊದಲ ತುಂಡಿನಲ್ಲಿ "ಮ್ಯಾಕ್ಸಿಮಮ್ ಕೆಪಾಸಿಟಿ: 32 ಜಿಬಿ", "ನಂಬರ್ ಆಫ್ ಡಿವೈಸಸ್: 2". ಎರಡು ಸ್ಲಾಟ್, ಒಟ್ಟು 32ರ ವರೆಗೆ ಹಾಕಬಹುದು ಎನ್ನುತ್ತಿದೆ. ಮುಂದೆ ಒಂದೊಂದು ಸ್ಲಾಟಿಗೆ ಒಂದೊಂದು ತುಂಡು. ಮೊದಲನೆಯದರಲ್ಲಿ "ಸೈಜ್: 8 ಜಿಬಿ", "ಫಾರ್ಮ್ ಫ್ಯಾಕ್ಟರ್: ಎಸ್‌ಓಡಿಐಎಂಎಂ" (ಲ್ಯಾಪ್‌ಟಾಪಿನ ಪುಟ್ಟ ಪಟ್ಟಿ), "ಟೈಪ್: ಡಿಡಿಆರ್4" (ರ‍್ಯಾಮಿನ ತಲೆಮಾರು), "ಸ್ಪೀಡ್: 2400 ಎಂಟಿ/ಎಸ್" (ವೇಗದ ಅಳತೆ), ಅದರ ಕೆಳಗೆ "ಕಾನ್ಫಿಗರ್ಡ್ ಮೆಮೊರಿ ಸ್ಪೀಡ್: 2133 ಎಂಟಿ/ಎಸ್". ಎರಡನೆಯದರಲ್ಲಿ "ಸೈಜ್: ನೋ ಮಾಡ್ಯೂಲ್ ಇನ್‌ಸ್ಟಾಲ್ಡ್". ಸ್ಲಾಟ್ ಖಾಲಿ ಇದೆ. ಇನ್ನೊಂದು ಪಟ್ಟಿ ಹಾಕಬಹುದು.

ಆ 2400 ಮತ್ತು 2133 ಯಾಕೆ ಬೇರೆ ಬೇರೆ? ಮುಂದಿನ ಸಾಲಿನಲ್ಲಿ ಕೂತವರೊಬ್ಬರು "ಪಟ್ಟಿ ಡೂಪ್ಲಿಕೇಟಾ?" ಅಂತ ಕೇಳಿದರು. ಇಲ್ಲ. ಪಟ್ಟಿ 2400ರದ್ದೇ. ಐ5-7200ಯು ಡಿಡಿಆರ್4 ಅನ್ನು 2133ಕ್ಕಿಂತ ಜೋರಾಗಿ ಓಡಿಸುವುದಿಲ್ಲ. ಇಬ್ಬರಲ್ಲಿ ನಿಧಾನದವರ ಹೆಜ್ಜೆಗೆ ಇನ್ನೊಬ್ಬರು ಬರಲೇಬೇಕು. ಈ ಯಂತ್ರಕ್ಕೆ ಇನ್ನೂ ಜಾಸ್ತಿ ಸ್ಪೀಡಿನ ಪಟ್ಟಿ ತಂದರೂ ಓಡುವುದು 2133ರಲ್ಲೇ. ಹೆಚ್ಚಿಗೆ ಕೊಟ್ಟ ದುಡ್ಡು ದಂಡ.

"ಟೈಪ್" ಸಾಲನ್ನು ಮರೆಯಬೇಡಿ. ಇದೇ ಪ್ರೊಸೆಸರನ್ನು ಡಿಡಿಆರ್3ಎಲ್ ಜೊತೆಗೂ ಕೂರಿಸಬಹುದು, ಡಿಡಿಆರ್4 ಜೊತೆಗೂ ಕೂರಿಸಬಹುದು. ಪ್ರೊಸೆಸರ್ ಹೆಸರು ನೋಡಿ ರ‍್ಯಾಮ್ ತರಲು ಹೋದರೆ ಮನೆಗೆ ಬಂದ ಮೇಲೆ ಪಟ್ಟಿ ಸ್ಲಾಟಿಗೆ ಕೂರುವುದೇ ಇಲ್ಲ. ಲ್ಯಾಪ್‌ಟಾಪಿನ ಡಿಡಿಆರ್3 ಪಟ್ಟಿಗೆ 204 ಪಿನ್, ಡಿಡಿಆರ್4ಕ್ಕೆ 260. ನಡುವಿನ ಕಚ್ಚು ಕೂಡ ಬೇರೆ ಜಾಗದಲ್ಲಿದೆ. ಒತ್ತಿ ಕೂರಿಸಲು ಹೋಗಬೇಡಿ.

"ಫಾರ್ಮ್ ಫ್ಯಾಕ್ಟರ್" ಸಾಲಿನಲ್ಲಿ "ರೋ ಆಫ್ ಚಿಪ್ಸ್" ಅಂತ ಬಂದರೆ ಆ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿದ್ದಾರೆ ಅಂತ. ತೆಗೆಯಲು ಬರುವುದಿಲ್ಲ. ತೆಳ್ಳಗಿನ ಲ್ಯಾಪ್‌ಟಾಪ್‌ಗಳಲ್ಲಿ ಇದು ಈಗ ಮಾಮೂಲು.

ಈಗ ನಮ್ಮ ಪ್ರಶ್ನೆ. ಹೇಳಿದ್ದು ಯಾರು? ಪರದೆಯಲ್ಲಿ ಬಂದ ಈ ಪೂರ್ತಿ ವಿವರ ಬಯಾಸ್ ಸಿದ್ಧ ಮಾಡಿಟ್ಟದ್ದು. ಡಿಎಂಐಡಿಕೋಡ್ ಏನನ್ನೂ ಅಳೆಯುವುದಿಲ್ಲ, ಓದಿ ಹೇಳುತ್ತದೆ ಅಷ್ಟೇ. ಆ ವಿವರದೊಳಗೂ ಎರಡು ಥರದ ಮಾತಿದೆ. ಸೈಜ್, ಸ್ಪೀಡ್, ಪಾರ್ಟ್ ನಂಬರ್ ಇವು ರ‍್ಯಾಮ್ ಪಟ್ಟಿಯ ಮೇಲಿರುವ ಒಂದು ಪುಟ್ಟ ಚಿಪ್ಪಿನಿಂದ ಬಂದವು. ಪ್ರತಿ ಬೂಟಿನಲ್ಲೂ ಬಯಾಸ್‌ಗೆ ಅದರ ಮಾಹಿತಿ ಬೇಕು, ಇಲ್ಲದಿದ್ದರೆ ರ‍್ಯಾಮ್ ಓಡುವುದೇ ಇಲ್ಲ. ಹಾಗಾಗಿ ಇವನ್ನು ನಂಬಬಹುದು. ಆದರೆ ಗರಿಷ್ಠ ಎಷ್ಟು ಹಾಕಬಹುದು, ಸ್ಲಾಟ್ ಎಷ್ಟಿವೆ ಎಂಬುದು ಬೋರ್ಡ್ ಮಾಡಿದವರು ಟೈಪ್ ಮಾಡಿದ್ದು. ಹಳೆಯ ಮಾಡೆಲಿನಿಂದ ಕಾಪಿ ಮಾಡಿ ಬಿಟ್ಟಿದ್ದರೂ ಬಿಟ್ಟಿರಬಹುದು. ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್ ಇರುವವರು "ಸುಡೊ ಡಿಎಂಐಡಿಕೋಡ್ -ಟಿ ಸಿಸ್ಟಮ್" ಹಾಕಿ ನೋಡಿ. ಸೀರಿಯಲ್ ನಂಬರ್ ಇರಬೇಕಾದ ಜಾಗದಲ್ಲಿ "ಟು ಬಿ ಫಿಲ್ಡ್ ಬೈ ಓ.ಇ.ಎಂ." ಅಂತ ಇರುವ ಸಾಧ್ಯತೆ ಬಹಳ. ಕಂಪನಿ ತುಂಬಬೇಕು ಅಂತ ಖಾಲಿ ಬಿಟ್ಟದ್ದು, ಯಾರೂ ತುಂಬಲಿಲ್ಲ! ಡಿಎಂಐಡಿಕೋಡಿನ ಕೈಪಿಡಿಯೇ ಬಯಾಸ್ ಕೊಡುವ ಈ ವಿವರಗಳು ಹೆಚ್ಚಿನ ಸಲ ತಪ್ಪಾಗಿ ಅಥವಾ ಅರೆಬರೆಯಾಗಿ ಇರುತ್ತವೆ ಎಂದು ಎಚ್ಚರಿಸುತ್ತದೆ. ತನ್ನ ಬಗ್ಗೆ ಇಷ್ಟು ನೇರವಾಗಿ ಬರೆದುಕೊಂಡ ಕೈಪಿಡಿ ಅಪರೂಪ.

ಗರಿಷ್ಠ ಎಷ್ಟು ಎಂಬುದಕ್ಕೆ ಪ್ರೊಸೆಸರ್ ಕಂಪನಿಯ ಸೈಟಿನಲ್ಲಿ ಒಮ್ಮೆ, ಲ್ಯಾಪ್‌ಟಾಪ್ ಕಂಪನಿಯ ಮ್ಯಾನ್ಯುಯಲ್‌ನಲ್ಲಿ ಒಮ್ಮೆ ನೋಡಿ. ಮೂರೂ ಹೊಂದಿದರೆ ಧೈರ್ಯವಾಗಿ ಕೊಳ್ಳಿ.

ಡಿಸ್ಕಿಗೆ ಬರೋಣ.

ಎಲ್‌ಎಸ್‌ಬಿಎಲ್‌ಕೆ -ಡಿ -ಓ ನೇಮ್,ಸೈಜ್,ರೋಟಾ,ಟ್ರಾನ್,ಮಾಡೆಲ್

ಅಲ್ಪವಿರಾಮದ ಪಕ್ಕ ಜಾಗ ಬಿಡಬೇಡಿ. "ರೋಟಾ" ಅಂದರೆ ತಿರುಗುತ್ತದೆಯಾ ಅಂತ. 1 ಇದ್ದರೆ ತಟ್ಟೆ ತಿರುಗುವ ಹಾರ್ಡ್ ಡಿಸ್ಕ್, 0 ಇದ್ದರೆ ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ. ಡಿಸ್ಕನ್ನು ಯಾವ ಬಗೆಯಲ್ಲಿ ಜೋಡಿಸಿದ್ದಾರೆ ಎಂದು ಹೇಳುವ "ಟ್ರಾನ್" ಕಾಲಮ್ಮಿನಲ್ಲಿ ಸಾಟಾ, ಎನ್‌ವಿಎಂಇ, ಯುಎಸ್‌ಬಿ ಎಂದು ಬರುತ್ತದೆ. ಬರೀ "ಎಸ್‌ಎಸ್‌ಡಿ ಇದೆ" ಎಂದರೆ ಸಾಲದು. ಸಾಟಾಗಿಂತ ಎನ್‌ವಿಎಂಇ ಎಷ್ಟೋ ವೇಗ. ಯುಎಸ್‌ಬಿ ಕೇಸಿನೊಳಗೆ ಹಾಕಿದ ಡಿಸ್ಕಿನ ರೋಟಾವನ್ನು ಮಾತ್ರ ನಂಬಬೇಡಿ. ನಡುವಿನ ಅಡಾಪ್ಟರ್ ಸರಿಯಾಗಿ ಹೇಳದೆ ಇದ್ದರೆ ಎಸ್‌ಎಸ್‌ಡಿಗೂ 1 ಬರುತ್ತದೆ.

ಗಾತ್ರದ ಗೊಂದಲ ಎಲ್ಲರಿಗೂ ಇದ್ದದ್ದೇ. 256 ಜಿಬಿ ಎಸ್‌ಎಸ್‌ಡಿ ಇಲ್ಲಿ 238.5 ಅಂತ ಕಾಣುತ್ತದೆ, 1 ಟಿಬಿ ಡಿಸ್ಕ್ 931.5 ಅಂತ. ಡಿಸ್ಕ್ ಮಾಡುವವರು ಸಾವಿರದ ಲೆಕ್ಕ ಹಿಡಿಯುತ್ತಾರೆ, ಎಲ್‌ಎಸ್‌ಬಿಎಲ್‌ಕೆ 1024ರ ಲೆಕ್ಕ ಹಿಡಿಯುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಎಷ್ಟು ಓಡಿದೆ? ಇದಕ್ಕೆ ಸ್ಮಾರ್ಟ್‌ಮಾನ್‌ಟೂಲ್ಸ್ ಎಂಬುದನ್ನು ಹಾಕಿಕೊಳ್ಳಬೇಕು. ಪೆನ್‌ಡ್ರೈವಿನಿಂದ ಬೂಟ್ ಆಗಿದ್ದರೂ ಇಂಟರ್‌ನೆಟ್ ಇದ್ದರೆ "ಸುಡೊ ಆಪ್ಟ್ ಇನ್‌ಸ್ಟಾಲ್ ಸ್ಮಾರ್ಟ್‌ಮಾನ್‌ಟೂಲ್ಸ್" ನಡೆಯುತ್ತದೆ. ಆಮೇಲೆ "ಸುಡೊ ಸ್ಮಾರ್ಟ್‌ಸಿಟಿಎಲ್ -ಎ /ಡೆವ್/ಎಸ್‌ಡಿಎ". ಎನ್‌ವಿಎಂಇ ಇದ್ದರೆ ಕೊನೆಯಲ್ಲಿ ಎಸ್‌ಡಿಎ ಜಾಗದಲ್ಲಿ ಎಲ್‌ಎಸ್‌ಬಿಎಲ್‌ಕೆ ತೋರಿಸಿದ ಹೆಸರು ಹಾಕಿ.

ಹಾರ್ಡ್ ಡಿಸ್ಕಿನಲ್ಲಿ ಮೂರು ಸಾಲು ಹುಡುಕಿ. 9ನೇ ನಂಬರಿನದು "ಪವರ್ ಆನ್ ಅವರ್ಸ್". 5ನೆಯದು "ರೀಅಲೊಕೇಟೆಡ್ ಸೆಕ್ಟರ್", ಅಂದರೆ ಕೆಟ್ಟುಹೋಗಿ ಬದಲಿ ಜಾಗ ಕೊಟ್ಟ ಭಾಗಗಳ ಎಣಿಕೆ. 197ನೆಯದು ಓದಲು ತೊಂದರೆಯಾಗಿ ಇನ್ನೂ ತೀರ್ಮಾನ ಆಗದೆ ಉಳಿದ ಭಾಗಗಳು. ಈ ಎರಡರ ಬಲತುದಿಯ ಸಂಖ್ಯೆ ಸೊನ್ನೆ ಇರಬೇಕು. 197 ಏರುತ್ತಾ ಇದ್ದರೆ ಫೋಟೊಗಳನ್ನು ಅವತ್ತೇ ಬೇರೆ ಕಡೆ ಕಾಪಿ ಮಾಡಿಕೊಳ್ಳಿ, ಉಳಿದ ಯೋಚನೆ ಆಮೇಲೆ.

ಗಂಟೆಯ ಲೆಕ್ಕ ಹೀಗೆ. ವರ್ಷಕ್ಕೆ 8760 ಗಂಟೆ. ಮಾರುವವರು "ಮಗಳ ಆನ್‌ಲೈನ್ ಕ್ಲಾಸಿಗೆ ತಗೊಂಡಿದ್ದು, ಎರಡು ವರ್ಷ ಆಯ್ತು" ಅನ್ನುತ್ತಾರೆ. ಡಿಸ್ಕ್ 20,000 ಗಂಟೆ ಅನ್ನುತ್ತದೆ. ಎರಡು ವರ್ಷ ಹಗಲು ರಾತ್ರಿ ಒಂದೇ ಸಮ ಓಡಿಸಿದರೂ 17,520. ದಿನಕ್ಕೆ ಎಂಟು ಗಂಟೆಯಂತೆ ಲೆಕ್ಕ ಹಾಕಿದರೆ 20,000 ಅಂದರೆ ಸುಮಾರು ಏಳು ವರ್ಷದ ಓಟ. ಯಾವುದೋ ಆಫೀಸಿನಲ್ಲಿ ಬೆವರು ಸುರಿಸಿ ಬಂದ ಡಿಸ್ಕ್ ಇರಬೇಕು.

ಎನ್‌ವಿಎಂಇಯಲ್ಲಿ ಬೇರೆ ಥರ. "ಪರ್ಸೆಂಟೇಜ್ ಯೂಸ್ಡ್" ಅಂತ ಒಂದು ಸಾಲಿದೆ. ಹೊಸದಕ್ಕೆ 0. ಬರೆಯುತ್ತಾ ಹೋದ ಹಾಗೆ ಏರುತ್ತದೆ. ನೂರು ದಾಟಿಯೂ ಓಡಬಹುದು, ಯಾಕೆಂದರೆ ಇದು ಕಂಪನಿಯ ಅಂದಾಜು.

ಈ ಎಣಿಕೆಯನ್ನೆಲ್ಲ ಇಟ್ಟುಕೊಂಡಿರುವುದು ಡಿಸ್ಕಿನೊಳಗಿನ ಸಾಫ್ಟ್‌ವೇರ್. ಡಿಸ್ಕ್ ತನ್ನ ಬಗ್ಗೆ ತಾನೇ ಹೇಳುವ ಮಾತು. ತಿದ್ದಲು ಬರುತ್ತದಾ? ಬರುತ್ತದೆ. 2025ರ ಆರಂಭದಲ್ಲಿ ಜರ್ಮನಿಯಲ್ಲಿ ಇದು ದೊಡ್ಡ ಸುದ್ದಿಯಾಯಿತು. ಹೊಸದೆಂದು ಕೊಂಡ ಸೀಗೇಟ್ ಡಿಸ್ಕ್‌ಗಳು ಆಗಲೇ ಸಾವಿರಾರು ಗಂಟೆ ಓಡಿದವು ಎಂದು ಅಲ್ಲಿನ ಹೈಸೆ ಎಂಬ ತಂತ್ರಜ್ಞಾನ ಸುದ್ದಿತಾಣ ಬಯಲು ಮಾಡಿತು. ನಡುವೆ ಯಾರೋ ಪವರ್ ಆನ್ ಅವರ್ಸ್ ಅನ್ನು ಸೊನ್ನೆಗೆ ತಂದಿದ್ದರು. ಸಿಕ್ಕಿಬಿದ್ದದ್ದು ಹೇಗೆ? ಸೀಗೇಟ್ ಡಿಸ್ಕ್‌ಗಳು ಫಾರ್ಮ್ ಎಂಬ ಇನ್ನೊಂದು ಲಾಗನ್ನೂ ಒಳಗೆ ಬರೆಯುತ್ತವೆ. ವಂಚಕರು ಅದನ್ನು ಮುಟ್ಟಿರಲಿಲ್ಲ. ಒಂದೇ ಡಿಸ್ಕಿನಲ್ಲಿ ಒಂದು ಕಡೆ ಸೊನ್ನೆ, ಇನ್ನೊಂದು ಕಡೆ ಸಾವಿರಾರು ಗಂಟೆ. ನಿಮ್ಮಲ್ಲಿ ಸೀಗೇಟ್ ಇದ್ದರೆ, ಸ್ಮಾರ್ಟ್‌ಮಾನ್‌ಟೂಲ್ಸ್ 7.4 ಅಥವಾ ಅದಕ್ಕಿಂತ ಹೊಸದು ಇದ್ದರೆ, "ಸುಡೊ ಸ್ಮಾರ್ಟ್‌ಸಿಟಿಎಲ್ -ಎಲ್ ಫಾರ್ಮ್ /ಡೆವ್/ಎಸ್‌ಡಿಎ" ಹಾಕಿ ನೋಡಿ. ಎಲ್ಲ ಮಾಡೆಲಿನಲ್ಲೂ ಈ ಲಾಗ್ ಸಿಗುವುದಿಲ್ಲ.

ಇನ್ನೂ ದೊಡ್ಡ ಮೋಸ ಪೆನ್‌ಡ್ರೈವಿನದು. ಕೆಲವು ನೂರು ರೂಪಾಯಿಗೆ 2 ಟಿಬಿ ಪೆನ್‌ಡ್ರೈವ್ ಅಂತ ಆನ್‌ಲೈನಿನಲ್ಲಿ ನೋಡಿರುತ್ತೀರಿ. ಎಲ್‌ಎಸ್‌ಬಿಎಲ್‌ಕೆ ಕೂಡ 2 ಟಿಬಿ ಅಂತಲೇ ತೋರಿಸುತ್ತದೆ. ವಿಂಡೋಸೂ ತೋರಿಸುತ್ತದೆ. ನಲವತ್ತು ಪುಟದ ನೋಟ್‌ಬುಕ್ಕಿನ ರಟ್ಟಿನ ಮೇಲೆ ಇನ್ನೂರು ಪುಟ ಅಂತ ಅಚ್ಚು ಹಾಕಿದ ಹಾಗೆ ಇದು. ರಟ್ಟು ಓದಿದವರಿಗೆಲ್ಲ ಇನ್ನೂರೇ. ಒಳಗಿನ ಕಂಟ್ರೋಲರ್ ಚಿಪ್ಪಿಗೆ ಸುಳ್ಳು ಹೇಳಲು ಕಲಿಸಿರುತ್ತಾರೆ. ನಿಜವಾದ ಜಾಗ ಮುಗಿದ ಮೇಲೆ ಬರೆದದ್ದು ಹಳೆಯದರ ಮೇಲೆ ಕೂರುತ್ತದೆ, ಇಲ್ಲ ಗಾಳಿಗೆ ಹೋಗುತ್ತದೆ. ಕಾಪಿ ಆಗುವಾಗ ಎರರ್ ಕೂಡ ಬರುವುದಿಲ್ಲ. ತಿಂಗಳಾದ ಮೇಲೆ ಮದುವೆ ವಿಡಿಯೊ ತೆರೆಯಲು ಹೋದಾಗ ಗೊತ್ತಾಗುತ್ತದೆ.

ಇಂಥ ಕಡೆ ಕೇಳಿ ಪ್ರಯೋಜನ ಇಲ್ಲ, ಬರೆದು ನೋಡಲೇಬೇಕು. ಲಿನಕ್ಸಿನಲ್ಲಿ ಎಫ್3 ಎಂಬ ಟೂಲ್ ಇದೆ. "ಎಫ್3ರೈಟ್" ಖಾಲಿ ಪೆನ್‌ಡ್ರೈವ್ ತುಂಬುವಷ್ಟು ಫೈಲ್ ಬರೆಯುತ್ತದೆ, "ಎಫ್3ರೀಡ್" ಅದನ್ನೆಲ್ಲ ಓದಿ ಎಷ್ಟು ಸರಿ ಉಳಿದಿದೆ ಹೇಳುತ್ತದೆ. ದೊಡ್ಡ ಪೆನ್‌ಡ್ರೈವಿಗೆ ಗಂಟೆಗಟ್ಟಲೆ ಹಿಡಿಯುತ್ತದೆ. ರಾತ್ರಿ ಹಾಕಿ ಮಲಗಿ. ಇದು ಅಳತೆ. ಇವತ್ತು ನೋಡಿದ ಉಳಿದ ಬಹುಪಾಲು ವಿಚಾರಣೆ.

ಬ್ಯಾಟರಿಯನ್ನು ಬೇಗ ಮುಗಿಸುತ್ತೇನೆ. /ಸಿಸ್/ಕ್ಲಾಸ್/ಪವರ್_ಸಪ್ಲೈ/ಬ್ಯಾಟ್0 (ಇದರಲ್ಲಿ ಬ್ಯಾಟ್ ಮಾತ್ರ ದೊಡ್ಡಕ್ಷರ) ಫೋಲ್ಡರಿನಲ್ಲಿ "ಎನರ್ಜಿ_ಫುಲ್_ಡಿಸೈನ್" ಮತ್ತು "ಎನರ್ಜಿ_ಫುಲ್" ಎಂಬ ಎರಡು ಫೈಲ್. ಮೊದಲನೆಯದು ಹೊಸದಿದ್ದಾಗ ಎಷ್ಟು ಹಿಡಿಯಬೇಕಿತ್ತು, ಎರಡನೆಯದು ಈಗ ಎಷ್ಟು ಹಿಡಿಯುತ್ತದೆ. ಇಲ್ಲಿ 41000000 ಮತ್ತು 23000000 ಇದೆ. ಅಂದರೆ 41 ವ್ಯಾಟ್ ಅವರ್‌ನದು 23ಕ್ಕೆ ಬಂದಿದೆ, 56 ಶೇಕಡ. ಹೊಸ ಬ್ಯಾಟರಿಯ ದುಡ್ಡನ್ನು ಲ್ಯಾಪ್‌ಟಾಪ್ ಬೆಲೆಯಲ್ಲಿ ಕಳೆದು ಮಾತಾಡಿ. ಕೆಲವು ಯಂತ್ರಗಳಲ್ಲಿ "ಎನರ್ಜಿ" ಬದಲು "ಚಾರ್ಜ್" ಅಂತ ಶುರುವಾಗುವ ಫೈಲ್ ಇರುತ್ತವೆ, ಲೆಕ್ಕ ಅದೇ. ಎಷ್ಟು ಸುತ್ತು ಚಾರ್ಜ್ ಆಗಿದೆ ಎಂದು ಹೇಳುವ "ಸೈಕಲ್_ಕೌಂಟ್" 0 ಎಂದಿದ್ದರೆ ಬ್ಯಾಟರಿ ಹೊಸದು ಅಂತ ಕುಣಿಯಬೇಡಿ. ಎಣಿಕೆ ಕೊಡದ ಯಂತ್ರಗಳಲ್ಲೂ ಸೊನ್ನೆಯೇ ಬರುತ್ತದೆ.

ಲಿನಕ್ಸ್ ಹಾಕಿದ ಮೇಲೆ ವೈಫೈ ಬರುತ್ತಿಲ್ಲ ಎಂಬ ದೂರು ನಾನು ಜಾಸ್ತಿ ಕೇಳುವುದು. ಅದಕ್ಕೆ "ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ". ಪಟ್ಟಿಯಲ್ಲಿ "ನೆಟ್‌ವರ್ಕ್ ಕಂಟ್ರೋಲರ್" ಹುಡುಕಿ. ಸಾಲಿನ ಕೊನೆಗೆ ಚೌಕ ಕಂಸದಲ್ಲಿ ನಾಲ್ಕು ಅಂಕಿ, ಕೋಲನ್, ಇನ್ನು ನಾಲ್ಕು ಅಂಕಿ ಇರುತ್ತದೆ. ಮೊದಲ ನಾಲ್ಕು ಕಂಪನಿಯ ನಂಬರ್. ಇಂಟೆಲ್‌ದು 8086. ಹೌದು, 1978ರ ಅವರ ಆ ಹೆಸರಾಂತ ಪ್ರೊಸೆಸರಿನ ನಂಬರೇ. ರಿಯಲ್‌ಟೆಕ್ 10ಇಸಿ, ಎನ್ವಿಡಿಯಾ 10ಡಿಇ, ಬ್ರಾಡ್‌ಕಾಮ್ 14ಇ4. ಹಾರ್ಡ್‌ವೇರ್ ಹೇಳುವುದು ಈ ಅಂಕಿಗಳನ್ನು ಮಾತ್ರ. ಪಕ್ಕದಲ್ಲಿ ಕಾಣುವ ಹೆಸರು ನಿಮ್ಮ ಡಿಸ್ಕಿನಲ್ಲೇ ಇರುವ ಪಿಸಿಐ.ಐಡಿಎಸ್ ಎಂಬ ಪಟ್ಟಿಯಿಂದ ಬಂದದ್ದು. ಹೆಸರಿನ ಬದಲು ಬರೀ "ಡಿವೈಸ್" ಅಂತ ಬಂದರೆ ನಿಮ್ಮ ಪಟ್ಟಿ ಹಳೆಯದು ಅಷ್ಟೇ, "ಸುಡೊ ಅಪ್‌ಡೇಟ್-ಪಿಸಿಐಐಡಿಎಸ್" ಹಾಕಿ.

ಅದರ ಕೆಳಗೆ "ಕರ್ನಲ್ ಡ್ರೈವರ್ ಇನ್ ಯೂಸ್" ಎಂಬ ಸಾಲು ಇದೆಯಾ ನೋಡಿ. ಇದ್ದರೆ ಡ್ರೈವರ್, ಅಂದರೆ ಕಾರ್ಡನ್ನು ಓಡಿಸುವ ಸಾಫ್ಟ್‌ವೇರ್, ಅದನ್ನು ಹಿಡಿದುಕೊಂಡಿದೆ, ತೊಂದರೆ ಬೇರೆ ಕಡೆ. ಆ ಸಾಲೇ ಇಲ್ಲದಿದ್ದರೆ ಕಾರ್ಡ್ ಇದೆ, ಓಡಿಸುವವರು ಇಲ್ಲ. ಆಗ ಆ ಎಂಟು ಅಂಕಿಗಳನ್ನು ಕೋಲನ್ ಸಮೇತ ಹುಡುಕಿ. "ನನ್ನ ಲ್ಯಾಪ್‌ಟಾಪ್‌ನಲ್ಲಿ ವೈಫೈ ಬರ್ತಿಲ್ಲ" ಅಂತ ಹುಡುಕುವುದಕ್ಕಿಂತ ಹತ್ತು ಪಾಲು ವಾಸಿ. ಒಂದೇ ಮಾಡೆಲ್ ಲ್ಯಾಪ್‌ಟಾಪಿನಲ್ಲಿ ಎರಡು ಮೂರು ಬೇರೆ ಬೇರೆ ವೈಫೈ ಕಾರ್ಡ್ ಹಾಕಿ ಮಾರಿರುತ್ತಾರೆ. ಕಾರ್ಡ್ ಯುಎಸ್‌ಬಿಯದ್ದಾದರೆ ಎಲ್‌ಎಸ್‌ಯುಎಸ್‌ಬಿ, ಅಲ್ಲೂ ಅದೇ ನಾಲ್ಕು ಮತ್ತು ನಾಲ್ಕು.

ವಿಂಡೋಸಿನವರು ಇಷ್ಟೊತ್ತು ತಾಳ್ಮೆಯಿಂದ ಕೂತಿದ್ದೀರಿ. ನಿಮಗೆ ಪವರ್‌ಶೆಲ್ ಇದೆ, ವಿಂಡೋಸಿನಲ್ಲಿ ಕಮ್ಯಾಂಡ್ ಹಾಕುವ ಜಾಗ. ಹಳೆಯ ವೀಡಿಯೊಗಳಲ್ಲಿ ಹೇಳಿಕೊಡುವ "ಡಬ್ಲ್ಯುಎಂಐಸಿ" ಕಲಿಯಲು ಹೋಗಬೇಡಿ, ಮೈಕ್ರೋಸಾಫ್ಟ್ ಅದನ್ನು ಕೈಬಿಡುತ್ತಿದೆ. "ಸಿಸ್ಟಮ್‌ಇನ್ಫೋ" ಎಲ್ಲರಿಗೂ ಗೊತ್ತು, ಆದರೆ ಅದರ ಪ್ರೊಸೆಸರ್ ಸಾಲು ನೋಡಿ: "ಫ್ಯಾಮಿಲಿ 6 ಮಾಡೆಲ್ 142 ಸ್ಟೆಪಿಂಗ್ 9". ಇದು ನಮ್ಮ ಐ5-7200ಯು. ನಾಲ್ಕು ಕೋರಿನ ಐ5-8250ಯು ಮೇಲೆ ಅದೇ ಕಮ್ಯಾಂಡ್ ಹಾಕಿದರೆ "ಫ್ಯಾಮಿಲಿ 6 ಮಾಡೆಲ್ 142 ಸ್ಟೆಪಿಂಗ್ 10". ಕೊನೆಯ ಅಂಕಿ ಬಿಟ್ಟರೆ ಏನೂ ವ್ಯತ್ಯಾಸ ಇಲ್ಲ! ಇದನ್ನು ನೋಡಿ ಯಾರು ತಾನೆ ಗುರುತು ಹಿಡಿಯುತ್ತಾರೆ. ಬದಲಿಗೆ "ಗೆಟ್-ಸಿಐಎಂಇನ್‌ಸ್ಟೆನ್ಸ್ ವಿನ್32_ಪ್ರೊಸೆಸರ್" ಹಾಕಿ, ಪೂರ್ತಿ ಹೆಸರು ಬರುತ್ತದೆ. ಕೊನೆಯ ಪದವನ್ನು "ವಿನ್32_ಫಿಸಿಕಲ್‌ಮೆಮೊರಿ" ಮಾಡಿದರೆ ರ‍್ಯಾಮ್ ಪಟ್ಟಿಗಳು. ಗಾತ್ರ ಬೈಟಿನಲ್ಲಿ ಇರುತ್ತದೆ, 8589934592 ಅಂದರೆ 8 ಜಿಬಿ. ಖಾಲಿ ಸ್ಲಾಟ್ ಇಲ್ಲಿ ಕಾಣುವುದಿಲ್ಲ. ಒಟ್ಟು ಸ್ಲಾಟ್ ಎಷ್ಟು ಎನ್ನುವುದಕ್ಕೆ "ವಿನ್32_ಫಿಸಿಕಲ್‌ಮೆಮೊರಿಅರೇ". ಇದೂ ಓದುವುದು ಅದೇ ಬಯಾಸ್ ಪಟ್ಟಿಯನ್ನೇ, ಅಲ್ಲಿ ತಪ್ಪಿದ್ದರೆ ಇಲ್ಲೂ ತಪ್ಪೇ. ಬ್ಯಾಟರಿಗೆ "ಪವರ್‌ಸಿಎಫ್‌ಜಿ /ಬ್ಯಾಟರಿರಿಪೋರ್ಟ್". ನೀವು ನಿಂತ ಫೋಲ್ಡರಿನಲ್ಲಿ ಒಂದು ವೆಬ್ ಪುಟ ಮಾಡಿಡುತ್ತದೆ, ಬ್ರೌಸರಿನಲ್ಲಿ ತೆರೆದು ನೋಡಿ. ಬ್ಯಾಟರಿ ವಿಷಯದಲ್ಲಿ ಲಿನಕ್ಸಿಗಿಂತ ಇದೇ ಚೆಂದ ಅಂತ ಒಪ್ಪಲೇಬೇಕು.

ಒಬ್ಬರು ವಿದ್ಯಾರ್ಥಿ ಆಗಿನಿಂದ ತಲೆ ಕೆರೆದುಕೊಳ್ಳುತ್ತಿದ್ದರು. ಅವರ 16 ಜಿಬಿ ಯಂತ್ರದಲ್ಲಿ ಫ್ರೀ ಏಳು ಚಿಲ್ಲರೆ ಅಂತ ತೋರಿಸುತ್ತಿದೆ, ಎಲ್‌ಎಸ್‌ಪಿಸಿಐನಲ್ಲಿ ವೈಫೈ ಕಾರ್ಡೇ ಇಲ್ಲ. ಅವರು ಬಳಸುತ್ತಿದ್ದುದು ವಿಂಡೋಸ್ ಒಳಗಿನ ಲಿನಕ್ಸ್, ಡಬ್ಲ್ಯುಎಸ್‌ಎಲ್. ಅದು ಓಡುವುದು ಒಂದು ವರ್ಚುವಲ್ ಯಂತ್ರದೊಳಗೆ, ಅಂದರೆ ಸಾಫ್ಟ್‌ವೇರಿನಲ್ಲೇ ಕಟ್ಟಿದ ಕಂಪ್ಯೂಟರಿನೊಳಗೆ. ಮಾಮೂಲಿಯಾಗಿ ಅದಕ್ಕೆ ಅರ್ಧ ರ‍್ಯಾಮ್ ಮಾತ್ರ ಕೊಟ್ಟಿರುತ್ತಾರೆ. ಎಲ್‌ಎಸ್‌ಸಿಪಿಯು ಪಟ್ಟಿಯಲ್ಲಿ "ಹೈಪರ್‌ವೈಸರ್ ವೆಂಡರ್: ಮೈಕ್ರೋಸಾಫ್ಟ್" ಎಂಬ ಸಾಲು ಕಂಡರೆ ಅಲ್ಲಿಗೇ ನಿಲ್ಲಿಸಿ. ನೀವು ನೋಡುತ್ತಿರುವುದು ನಿಜವಾದ ಹಾರ್ಡ್‌ವೇರ್ ಅಲ್ಲ. ಇವತ್ತಿನ ಕೆಲಸಕ್ಕೆ ಪವರ್‌ಶೆಲ್ ಬಳಸಿ, ಇಲ್ಲ ಪೆನ್‌ಡ್ರೈವಿನಿಂದ ಬೂಟ್ ಮಾಡಿ.

ಇಷ್ಟೆಲ್ಲ ನೆನಪಿಡಲು ಆಗುವುದಿಲ್ಲ ಅನ್ನುವವರಿಗೆ "ಇಂಕ್ಸಿ" ಎಂಬ ಟೂಲ್ ಇದೆ. "ಇಂಕ್ಸಿ -ಎಫ್‌ಎಕ್ಸ್‌ಝಡ್" ಹಾಕಿದರೆ ಎಲ್ಲದರ ಸಾರ ಒಂದೇ ಪರದೆಯಲ್ಲಿ. ಅದರಲ್ಲಿ ಎಫ್ ಒಂದು ಮಾತ್ರ ದೊಡ್ಡಕ್ಷರ. ಕೊನೆಯ ಝಡ್ ಬಿಡಬೇಡಿ, ನೆಟ್‌ವರ್ಕ್ ವಿಳಾಸದಂಥ ಖಾಸಗಿ ವಿವರಗಳನ್ನು ಅದು ಮರೆಮಾಡುತ್ತದೆ. ಸಹಾಯ ಕೇಳಲು ಗ್ರೂಪಿಗೆ ಏನಾದರೂ ಹಾಕುವಾಗ ಇದರ ಔಟ್‌ಪುಟ್ ಹಾಕಿ. ಡಿಎಂಐಡಿಕೋಡ್, ಸ್ಮಾರ್ಟ್‌ಸಿಟಿಎಲ್ ಎರಡೂ ಸೀರಿಯಲ್ ನಂಬರನ್ನು ಹಾಗ್ಹಾಗೇ ಉಗುಳುತ್ತವೆ. ನಿಮ್ಮ ಲ್ಯಾಪ್‌ಟಾಪಿನ ಸೀರಿಯಲ್ ನಂಬರ್ ಹಿಡಿದು ಬೇರೆಯವರು ವಾರಂಟಿಯ ವಿವರ ನೋಡಬಹುದು, ಹಾಗಾಗಿ ಅಳಿಸಿ ಹಾಕಿ.

ರ‍್ಯಾಮ್ ತರಲು ಹೋಗುವವರು ಡಿಎಂಐಡಿಕೋಡ್ ಪರದೆಯ ಒಂದು ಫೋಟೊ ಫೋನಿನಲ್ಲಿ ಇಟ್ಟುಕೊಳ್ಳಿ. ಟೈಪ್, ಫಾರ್ಮ್ ಫ್ಯಾಕ್ಟರ್, ಕಾನ್ಫಿಗರ್ಡ್ ಸ್ಪೀಡ್, ಪಾರ್ಟ್ ನಂಬರ್, ಈ ನಾಲ್ಕು ಸಾಲು ಫೋಟೊದಲ್ಲಿ ಬರಲಿ. ಪಟ್ಟಿ ಹಾಕಿಸಿದ ಮೇಲೆ ಕೌಂಟರ್ ಬಿಡುವ ಮೊದಲು ಅಲ್ಲೇ ಬೂಟ್ ಮಾಡಿ, ಅದೇ ಕಮ್ಯಾಂಡ್ ಇನ್ನೊಮ್ಮೆ ಹಾಕಿ. ಎರಡನೇ ಸ್ಲಾಟಿನ ತುಂಡಿನಲ್ಲಿ "ನೋ ಮಾಡ್ಯೂಲ್ ಇನ್‌ಸ್ಟಾಲ್ಡ್" ಹೋಗಿ ಸೈಜ್ ಬಂದಿರಬೇಕು. ಆಮೇಲೆ ದುಡ್ಡು ಕೊಡಿ.